ಬಜ್ಪೆಯ ಆ ಬೆಳಗ್ಗೆ: ವಿಮಾನ ಸರಣಿ, ಭಾಗ 3

ಮಂಗಳೂರು ವಿಮಾನ ದುರಂತ ಅಂದ್ರೆ ನಿಮಗೆ ಮೊದಲು ಏನು ನೆನಪಾಗುತ್ತೆ? ‘ಪೈಲಟ್ ನಿದ್ದೆ ಮಾಡಿದ್ದ’ ಅನ್ನೋದು ತಾನೇ? ನನಗೂ ಅಷ್ಟೇ ಗೊತ್ತಿತ್ತು. ಅದು ಸುಳ್ಳಲ್ಲ. ಆದ್ರೆ ಕಥೆಯನ್ನ ಅಲ್ಲಿಗೇ ನಿಲ್ಲಿಸಿದ್ರೆ ಉಳಿದವರೆಲ್ಲ ಆರಾಮಾಗಿ ತಪ್ಪಿಸಿಕೊಳ್ತಾರೆ.

2010ರ ಮೇ 22, ಬೆಳಗ್ಗೆ 6 ದಾಟಿತ್ತು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812ರಲ್ಲಿ 166 ಜನ. ಬದುಕಿದ್ದು 8. ಬಜ್ಪೆ ರನ್‌ವೇ ಇರೋದು ಗುಡ್ಡದ ನೆತ್ತಿ ಮೇಲೆ, ತುದಿ ದಾಟಿದ್ರೆ ಕಮರಿ. ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿತ್ತು. ಸಹ ಪೈಲಟ್ ಮೂರು ಸಲ ‘ಗೋ ಅರೌಂಡ್’ ಅಂದ್ರು. ಅಂದ್ರೆ, ಇಳಿಸಬೇಡಿ, ಮೇಲೇರಿ ಇನ್ನೊಂದು ಸುತ್ತು ಬರೋಣ ಅಂತ. ಕ್ಯಾಪ್ಟನ್ ಇಳಿಸಿಯೇಬಿಟ್ರು. 8,000 ಅಡಿ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಕಾಕ್‌ಪಿಟ್ ರೆಕಾರ್ಡಿಂಗ್‌ನ ಮೊದಲ 1 ಗಂಟೆ 40 ನಿಮಿಷ ಇಬ್ಬರ ನಡುವೆ ಮಾತೇ ಇಲ್ಲ, ಆಗಾಗ ಗೊರಕೆ ಮಾತ್ರ.

ಇನ್ನು ಟಿವಿಯಲ್ಲಿ ಅಷ್ಟಾಗಿ ಬರದ ಸಂಗತಿಗಳು. ಮಂಗಳೂರಿನ ರಾಡಾರ್ ಎರಡು ದಿನದಿಂದ ಕೆಟ್ಟಿತ್ತು. ಹಾಗಾಗಿ ಕೆಳಗಿಳಿಯೋಕೆ ಅನುಮತಿ ಸಿಕ್ಕಿದ್ದು ಮಾಮೂಲಿಗಿಂತ ತಡವಾಗಿ. (ಅಷ್ಟಕ್ಕೇ ವಿಮಾನ ಬೀಳೋದಿಲ್ಲ, ಸರಿಪಡಿಸಿಕೊಳ್ಳೋಕೆ ಅವಕಾಶ ಇತ್ತು.) ರನ್‌ವೇ ಆಚೆ ಆಂಟೆನಾ ನಿಲ್ಲಿಸೋಕೆ ಕಟ್ಟಿದ್ದು ಕಾಂಕ್ರೀಟಿನಲ್ಲಿ. ಇಂಥವು ತಾಗಿದ ಕೂಡಲೇ ಮುರಿದು ಬೀಳುವ ಹಾಗಿರಬೇಕು. ಇದು ಮುರಿಯಲಿಲ್ಲ, ವಿಮಾನದ ಬಲ ರೆಕ್ಕೆ ಅದಕ್ಕೆ ಬಡಿಯಿತು. ಆ ಕಾಂಕ್ರೀಟ್ ರಾತ್ರೋರಾತ್ರಿ ಎದ್ದು ನಿಂತದ್ದಲ್ಲ. ಎಷ್ಟು ಅಧಿಕಾರಿಗಳು ಅದರ ಪಕ್ಕದಲ್ಲೇ ಓಡಾಡಿರಬೇಕು, ಯೋಚಿಸಿ!

ಈಗ ನಿಜವಾದ ಪ್ರಶ್ನೆ: ಇದನ್ನೆಲ್ಲ ಕೇಳಬೇಕಾದವರು ಯಾರು? ಆಗ ನಮ್ಮಲ್ಲಿ ಅಪಘಾತ ತನಿಖೆಗೆಂದೇ ಕಾಯಂ ಸಂಸ್ಥೆ ಇರಲಿಲ್ಲ. ವಿಮಾನಯಾನಕ್ಕೆ ನಿಯಮ ಮಾಡೋದು ಡಿಜಿಸಿಎ, ಲೈಸೆನ್ಸ್ ಕೊಡೋದು ಡಿಜಿಸಿಎ, ಹೆಚ್ಚಿನ ಅಪಘಾತಗಳ ತನಿಖೆಯೂ ಅದರದ್ದೇ. ಪ್ರಶ್ನೆಪತ್ರಿಕೆ ಮಾಡಿದವರೇ ಪರೀಕ್ಷೆ ಬರೆದು, ಅವರೇ ಮಾರ್ಕ್ಸ್ ಹಾಕಿದ ಹಾಗೆ. ದೊಡ್ಡ ದುರಂತ ಆದಾಗ ಮಾತ್ರ ಸರ್ಕಾರ ಒಂದು ತನಿಖಾ ನ್ಯಾಯಾಲಯ ನೇಮಿಸುತ್ತಿತ್ತು. ವರದಿ ಕೊಟ್ಟ ಮೇಲೆ ಅದು ವಿಸರ್ಜನೆ. ಮಂಗಳೂರಿಗೆ ನೇಮಕವಾದದ್ದು ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆ ನೇತೃತ್ವದ್ದು. ಪ್ರತ್ಯೇಕ, ಸ್ವತಂತ್ರ ತನಿಖಾ ಸಂಸ್ಥೆ ಬೇಕು ಅಂತ ಅವರೇ ಬರೆದರು.

2012ರಲ್ಲಿ ಎಎಐಬಿ ಹುಟ್ಟಿತು. ಆದ್ರೆ ಎಲ್ಲಿ? ಅದೇ ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ. ಡಿಜಿಸಿಎ ಕೂಡ ಅಲ್ಲೇ. ಒಂದೇ ಮನೆಯ ಎರಡು ಕೋಣೆ ಅನ್ನಿ. 2014ರ ಜನವರಿಯಲ್ಲಿ ಅಮೆರಿಕದ ಎಫ್‌ಎಎ ಭಾರತದ ಸುರಕ್ಷತಾ ದರ್ಜೆಯನ್ನೇ ಇಳಿಸಿತು. ತರಬೇತಿ ಪಡೆದ ತಪಾಸಕರು ಸಾಕಷ್ಟಿಲ್ಲ ಅನ್ನೋದು ಒಂದು ಮುಖ್ಯ ಕಾರಣ. ಆಮೇಲೆ ಗಡಿಬಿಡಿಯಲ್ಲಿ ನೇಮಕಾತಿ, 2015ರಲ್ಲಿ ದರ್ಜೆ ವಾಪಸ್. ಹೊರಗಿನವರು ಹೇಳಿದ್ರೆ ಒಂದೇ ವರ್ಷದಲ್ಲಿ ಆಗೋ ಕೆಲಸ ನಾವೇ ಕೇಳಿದಾಗ ಯಾಕೆ ಆಗಲ್ಲ?

2020ರ ಆಗಸ್ಟ್ 7, ಕೋಯಿಕ್ಕೋಡ್. ಮತ್ತೆ ದುಬೈಯಿಂದ, ಮತ್ತೆ ಅದೇ ಸಂಸ್ಥೆಯ 737, ಮತ್ತೆ ಗುಡ್ಡದ ಮೇಲಿನ ರನ್‌ವೇ. ಮಳೆ, ಹಿಂದಿನಿಂದ ಗಾಳಿ, ಅರ್ಧ ರನ್‌ವೇ ಕಳೆದ ಮೇಲೆ ನೆಲ ಮುಟ್ಟಿದ ಚಕ್ರ. ಸತ್ತವರು 21. ಮಂಗಳೂರಿನ ವರದಿ ಬಂದು ಆಗಲೇ ಒಂಬತ್ತು ವರ್ಷ ಆಗಿತ್ತು.

ಮಂಗಳೂರಿನಲ್ಲಿ 12 ಶವಗಳ ಗುರುತು ಸಿಗಲೇ ಇಲ್ಲ. ಅವರನ್ನ ಕೂಳೂರಿನ ಬಳಿ ಫಲ್ಗುಣಿ ದಡದಲ್ಲಿ ಮಣ್ಣು ಮಾಡಿದ್ದಾರೆ, ಅಲ್ಲೊಂದು ಸ್ಮಾರಕ ಇದೆ. ಪಣಂಬೂರು ಬೀಚ್‌ಗೆ ಹೋಗುವಾಗ ಕೂಳೂರು ಸೇತುವೆ ದಾಟ್ತೀರಲ್ಲ, ಅದರ ಹತ್ತಿರವೇ. ಮುಂದಿನ ಸಲ ಬೈಕ್ ನಿಲ್ಲಿಸಿ ನೋಡಿ ಬನ್ನಿ.

ಭಾಗ 4: ಬೆಂಗಳೂರು, 1990.