ತಮಟೆಯ ದನಿ: ಸಭೆಯ ಹೊರಗಿನ ಹಾಡಿನ ಚರಿತ್ರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ಸಂಗೀತಚರಿತ್ರೆಯನ್ನು ಬರೆಯಹೊರಡುವವರು ಸಾಮಾನ್ಯವಾಗಿ ನೆರೆಯ ಗುಬ್ಬಿಯಿಂದ ಆರಂಭಿಸುತ್ತಾರೆ. ಇದು ಸಹಜವೇ ಸರಿ. ೧೮೮೪ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯು ರಂಗಗೀತೆಗಳನ್ನು ನಾಡಿನ ಉದ್ದಗಲಕ್ಕೂ ಕೊಂಡೊಯ್ದಿತು. ಅದರ ಪ್ರಮುಖ ನಟಗಾಯಕರ ಹೆಸರುಗಳೂ ಭಾವಚಿತ್ರಗಳೂ ಉಳಿದುಬಂದಿವೆ. ಆದರೆ ಇದೇ ಸೀಮೆಯಲ್ಲಿ ಒಣಗರಿಯ ಬೆಂಕಿಗೆ ತಮಟೆ ಕಾಯಿಸಿ, ಜಾತ್ರೆಯ ಮುಂದೆಯೂ ಶವದ ಮುಂದೆಯೂ ನಡೆದವರ ಹೆಸರುಗಳು ಯಾವ ದಾಖಲೆಯಲ್ಲಿಯೂ ಕಾಣಬರುವುದಿಲ್ಲ. ಸಭೆಯ ಹೊರಗಿನ ಈ ದನಿಗೆ ಚರಿತ್ರೆಯಲ್ಲಿ ಸಲ್ಲಬೇಕಾದ ಸ್ಥಾನವಾವುದು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ರೇಡಿಯೋ, ದೊಡ್ಡ ಧ್ವನಿಮುದ್ರಣ ಸಂಸ್ಥೆ, ಸಭಾಮಂದಿರ ಇವುಗಳ ಮನ್ನಣೆಯಿಲ್ಲದೆ ಬೆಳೆದ ಸಂಗೀತವನ್ನು ಪಾಶ್ಚಾತ್ಯರು ‘ಭೂಗತ ಸಂಗೀತ’ವೆಂದು ಕರೆಯುತ್ತಾರೆ. ನಮ್ಮ ವಿಚಾರಕ್ಕೆ ಒದಗುವ ಒಂದು ಹೋಲಿಕೆ ಅಲ್ಲಿದೆ. ನ್ಯೂಯಾರ್ಕಿನ ಅಲನ್ ವೆಗಾ (೧೯೩೮–೨೦೧೬) ಮೊದಲು ದೀಪಗಳಿಂದ ಶಿಲ್ಪಗಳನ್ನು ರಚಿಸುತ್ತಿದ್ದ ಕಲಾವಿದ. ೧೯೭೦ರಲ್ಲಿ ಆತನು ಮಾರ್ಟಿನ್ ರೆವ್ ಎಂಬವನೊಡನೆ ‘ಸೂಯಿಸೈಡ್’ ಎಂಬ ತಂಡವನ್ನು ಕಟ್ಟಿದನು. ಮುಂದೆ ಅದು ಇಬ್ಬರದೇ ತಂಡವಾಗಿ ಉಳಿಯಿತು, ಗಿಟಾರಿಲ್ಲ, ಮದ್ದಳೆಗಾರನಿಲ್ಲ, ಅಗ್ಗದ ವಿದ್ಯುತ್ ಆರ್ಗನ್ನೊಂದು, ತಾಳ ಹಾಕುವ ಯಂತ್ರವೊಂದು. ಲಂಡನ್ನಿನಲ್ಲಿ ೧೯೭೬–೭೭ರಲ್ಲಿ ಪ್ರಸಿದ್ಧಿಗೆ ಬಂದ ‘ಪಂಕ್’ ಎಂಬ ಹೆಸರನ್ನು ಇವರು ೧೯೭೦ರ ದಶಕದ ಆರಂಭದಲ್ಲಿಯೇ ತಮ್ಮ ಕರಪತ್ರಗಳಲ್ಲಿ ಬಳಸಿದ್ದರು. ಇವರ ಮೊದಲ ಧ್ವನಿಮುದ್ರಿಕೆ ಹೊರಬಂದುದು ೧೯೭೭ರಲ್ಲಿ. ಮರುವರ್ಷ ಬ್ರಸೆಲ್ಸಿನಲ್ಲಿ ಕೇಳುಗರು ಮೈಕನ್ನೇ ಕಸಿದುಕೊಂಡು, ಕಚೇರಿಯು ಗಲಭೆಯಲ್ಲಿ ಮುಗಿಯಿತು. ಆದರೆ ಅನಂತರದ ಪೀಳಿಗೆಯ ವಿದ್ಯುನ್ಮಾನ ಸಂಗೀತಗಾರರು ಇವರನ್ನೇ ತಮ್ಮ ಪೂರ್ವಸೂರಿಗಳೆಂದು ಎಣಿಸಿದರು.

ಈ ಸಂಗೀತವು ಕರ್ನಾಟಕದ ಮೇಲೆ ಪ್ರಭಾವ ಬೀರಿತೆಂದು ನಾವು ಹೇಳುತ್ತಿಲ್ಲ. ಅದೇ ದಶಕದಲ್ಲಿ ನಮ್ಮಲ್ಲಿಯೂ ಸಭೆಯ ಹೊರಗೆ ಒಂದು ಹಾಡು ಎದ್ದಿತು. ಅದರ ಕಾರಣಗಳು ಸಂಪೂರ್ಣವಾಗಿ ಈ ನೆಲದವು. ೧೯೭೩ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂಬರ್ಥದ ಮಾತನ್ನಾಡಿದುದು ದೊಡ್ಡ ವಿವಾದಕ್ಕೆ ಎಡೆಗೊಟ್ಟು, ಅವರು ಅಧಿಕಾರವನ್ನು ತೊರೆಯಬೇಕಾಯಿತು. ಆ ಕ್ಷೋಭೆಯ ಬೆನ್ನಿಗೇ ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ೧೯೭೫ರಲ್ಲಿ, ಇನ್ನೂ ಇಪ್ಪತ್ತರ ಹರೆಯದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು. ಅದೇ ವರ್ಷ ಹುಟ್ಟಿದ ‘ಸಮುದಾಯ’ ತಂಡವು ೧೯೭೯ರಲ್ಲಿ ನಾಡಿನಾದ್ಯಂತ ಜಾಥಾ ನಡೆಸಿತು. ಚಳವಳಿಯ ಹಾಡುಗಳು ಮೆರವಣಿಗೆಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ, ಕೇರಿಗಳಲ್ಲಿ ಬಾಯಿಂದ ಬಾಯಿಗೆ ಹಬ್ಬಿದವು. ನಮ್ಮ ಜಿಲ್ಲೆಯ ಕೇಂದ್ರವಾದ ತುಮಕೂರಿನಲ್ಲಿ ಅಧ್ಯಾಪಕರಾಗಿದ್ದ ಕವಿ ಕೆ. ಬಿ. ಸಿದ್ಧಯ್ಯನವರೂ ಈ ಚಳವಳಿಯಲ್ಲಿ ದುಡಿದವರೇ.

ಇಲ್ಲಿ ವಿಶೇಷವಾಗಿ ಗಮನಿಸಬೇಕಾದುದು ವಾದ್ಯವನ್ನು. ತಮಟೆ ಬಾರಿಸುವುದು ಕೆಲವು ಜಾತಿಗಳ ಮೇಲೆ ಹೊರಿಸಿದ ಬಿಟ್ಟಿಚಾಕರಿಯಾಗಿತ್ತು. ಊರಿಗೆ ಅದರ ಸದ್ದು ಬೇಕಿತ್ತು, ಬಾರಿಸುವವನ ಸ್ಪರ್ಶ ಬೇಕಿರಲಿಲ್ಲ. ಚಳವಳಿಯಲ್ಲಿ ಅದೇ ಚರ್ಮವನ್ನು ಅವರು ತಮ್ಮ ಇಚ್ಛೆಯಿಂದ, ತಮ್ಮ ಮಾತಿಗಾಗಿ ಬಾರಿಸಿದರು. ವಾದ್ಯ ಬದಲಾಗಲಿಲ್ಲ, ಅದರ ಒಡೆತನ ಬದಲಾಯಿತು. ಹೀನವೆನಿಸಿದ ಸದ್ದನ್ನೇ ಅಭಿಮಾನದ ಸದ್ದಾಗಿಸಿದ ಈ ಅಂಶದಲ್ಲಿ ವೆಗಾನ ಯಂತ್ರಕ್ಕೂ ನಮ್ಮ ತಮಟೆಗೂ ಸಾಮ್ಯವಿದೆ. ಆದರೆ ಭೇದವೂ ಅಷ್ಟೇ ಸ್ಪಷ್ಟ. ವೆಗಾ ಕೇಳುಗರನ್ನು ಕೆಣಕಿದನು. ನಮ್ಮ ಬೀದಿಯ ಗಾಯಕನು ಅವರನ್ನು ಪಲ್ಲವಿಗೆ ದನಿಗೂಡಿಸುವಂತೆ ಕರೆದನು. ಜನರು ದನಿಗೂಡಿಸಿದೊಡನೆ ಹಾಡು ಎಲ್ಲರದಾಯಿತು, ಹಾಡಿದವನ ಹೆಸರು ಅಳಿಸಿಹೋಯಿತು.

ಹಾಡಿಗೆ ಮುಂದೆ ಮನ್ನಣೆ ದೊರೆಯದೆ ಇರಲಿಲ್ಲ. ಸಿದ್ಧಲಿಂಗಯ್ಯನವರು ೧೯೮೮ರಲ್ಲಿ ವಿಧಾನ ಪರಿಷತ್ತಿನ ಸದಸ್ಯರಾದರು. ೨೦೧೫ರಲ್ಲಿ, ನಮ್ಮ ಸೀಮೆಗೆ ಹತ್ತಿರದ ಶ್ರವಣಬೆಳಗೊಳದಲ್ಲಿ, ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ೨೦೨೧ರಲ್ಲಿ ಅವರು ತೀರಿಕೊಂಡ ಬಳಿಕ, ೨೦೨೨ರಲ್ಲಿ, ಪದ್ಮಶ್ರೀ ಘೋಷಿತವಾಯಿತು. ಮನ್ನಣೆಯಿಂದ ಹಾಡಿನ ಕಾವು ಆರಿತೆಂಬ ಆಕ್ಷೇಪವುಂಟು. ನಮ್ಮ ಅಭಿಪ್ರಾಯದಲ್ಲಿ ನಷ್ಟವು ಬೇರೆಡೆಯಲ್ಲಿದೆ. ಕವಿಯ ಪದ್ಯಗಳು ಅಚ್ಚಿನಲ್ಲಿ ಉಳಿದವು. ಅವನ್ನು ಊರೂರಿಗೆ ಹೊತ್ತ ಕಂಠಗಳು, ನಡುವೆ ಸೇರಿಸಿದ ಸಾಲುಗಳು, ತಮಟೆಯ ಗತ್ತು ಇವು ಅಚ್ಚಿಗೆ ಒಗ್ಗುವ ವಸ್ತುಗಳಲ್ಲ. ವೆಗಾನ ಧ್ವನಿಮುದ್ರಿಕೆ ಅಂದು ಹೆಚ್ಚು ಮಾರಾಟವಾಗದಿದ್ದರೂ ಇಂದು ಕೇಳಸಿಗುತ್ತದೆ. ನಮ್ಮ ಬೀದಿಯ ಗಾಯಕರಲ್ಲಿ ಬಹುಮಂದಿಗೆ ಆ ಭಾಗ್ಯವಿಲ್ಲ.

ಆದುದರಿಂದ ಈ ಚರಿತ್ರೆಯ ಆಕರಗಳನ್ನು ಗ್ರಂಥಾಲಯಗಳಲ್ಲಿ ಮಾತ್ರ ಅರಸಿದರೆ ಸಾಲದು. ಮನೆಗಳ ಅಟ್ಟದ ಮೇಲೆ ಕ್ಯಾಸೆಟ್ಟುಗಳು ಉಳಿದಿದ್ದರೆ, ಬಿಸಿಲು, ತೇವ, ಬೂಷ್ಟುಗಳಿಂದ ಅವು ಹಾಳಾಗುವ ಮುನ್ನ ಅವನ್ನು ಪಡೆದು ಪ್ರತಿ ಮಾಡಿಕೊಳ್ಳಬೇಕು. ೧೯೭೫ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತನ್ನು ದಾಟಿದ್ದಾರೆ. ಈ ಸೀಮೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಅಂಥವರನ್ನು ಕಂಡು, ಯಾವ ಹಾಡು, ಯಾವ ಊರು, ಯಾವ ಸಂದರ್ಭ ಎಂಬುದನ್ನು ಬರೆದುಕೊಳ್ಳಲಿ. ತಮಟೆ ಬಾರಿಸಿದವರು ಯಾರು ಎಂಬುದನ್ನು ಮರೆಯದೆ ಕೇಳಲಿ. ಇದುವರೆಗಿನ ಚರಿತ್ರೆ ಕೇಳದೆ ಬಿಟ್ಟ ಪ್ರಶ್ನೆ ಅದೇ.