ಶ್ರೀರಂಗಪಟ್ಟಣದ ಸಂಧಿ: ಲಂಡನ್ನಿನ ವಾದ, ನಮ್ಮ ಗಡಿ

ಹೊಸೂರಿನ ಕೋಟೆಯು 1791ರ ಜುಲೈ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆಗೆ ವಶವಾದ ಸಂಗತಿಯನ್ನು ಈ ಸೀಮೆಯ ಕನ್ನಡಿಗರಾದ ನಾವು ಬಲ್ಲೆವು. ಆ ಯುದ್ಧವು ನ್ಯಾಯವೇ ಎಂಬ ಚರ್ಚೆ ಅದೇ ವರ್ಷ ಲಂಡನ್ನಿನಲ್ಲಿ ನಡೆದುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ.

ಭಾರತದಲ್ಲಿ ರಾಜ್ಯವಿಸ್ತಾರಕ್ಕಾಗಿ ಯುದ್ಧ ಹೂಡುವುದು ಇಂಗ್ಲೆಂಡಿನ ಮಾನಕ್ಕೂ ನೀತಿಗೂ ವಿರುದ್ಧವೆಂದು 1784ರ ಪಿಟ್ ಕಾಯಿದೆ ಸಾರಿತ್ತು. 1789ರ ಡಿಸೆಂಬರಿನಲ್ಲಿ ಟಿಪ್ಪು ಸುಲ್ತಾನನು ತಿರುವಾಂಕೂರಿನ ಗಡಿಗೋಡೆಯ ಮೇಲೆ ಏರಿಹೋದಾಗ, ಮಿತ್ರರಾಜ್ಯದ ರಕ್ಷಣೆಯೆಂದು ಗವರ್ನರ್ ಜನರಲ್ ಕಾರ್ನ್‌ವಾಲಿಸನು ಯುದ್ಧಕ್ಕಿಳಿದನು. ಮರಾಠರನ್ನೂ ನಿಜಾಮನನ್ನೂ ಕೂಡಿಸಿಕೊಂಡನು. ತಿರುವಾಂಕೂರಿನ ಅರಸನು ಡಚ್ಚರಿಂದ ಎರಡು ಕೋಟೆಗಳನ್ನು ಕೊಂಡುದೇ ಕಲಹಕ್ಕೆ ಮೂಲವೆಂದೂ, ಈ ಒಕ್ಕೂಟವು ಕಾಯಿದೆಯ ಆಶಯಕ್ಕೆ ವಿರುದ್ಧವೆಂದೂ ಫಿಲಿಪ್ ಫ್ರಾನ್ಸಿಸ್, ಫಾಕ್ಸ್ ಮೊದಲಾದ ವಿರೋಧಪಕ್ಷದವರು ವಾದಿಸಿದರು. ಡಂಡಾಸನು ಸರ್ಕಾರದ ಪಕ್ಷವನ್ನು ಹಿಡಿದನು. ಸಭೆಯ ಬಹುಮತ ಯುದ್ಧದ ಕಡೆಗೇ ಒಲಿಯಿತು.

ಅತ್ತ ರಣರಂಗದಲ್ಲಿ, 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿಗೆ ಬಂದ ಕಾರ್ನ್‌ವಾಲಿಸನು, ಮಳೆಗೂ ಹಸಿವಿಗೂ ಸೋತು, ಎಳೆಯುವ ಎತ್ತುಗಳು ಸತ್ತುಬಿದ್ದುದರಿಂದ ಮುತ್ತಿಗೆಯ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಿದನು. ಲಂಡನ್ನಿನ ವ್ಯಂಗ್ಯಚಿತ್ರಕಾರ ಗಿಲ್‌ರೇ ಈ ಹಿನ್ನಡೆಯನ್ನು ಗೇಲಿಮಾಡಿ ಬರೆದನು.

1792ರ ಫೆಬ್ರವರಿಯಲ್ಲಿ ರಾಜಧಾನಿಯು ಕೈಗೆಟಕುವಂತಾದಾಗ ಎರಡನೆಯ ಪ್ರಶ್ನೆ ಎದ್ದಿತು: ಪಟ್ಟಣವನ್ನು ಹಿಡಿಯುವುದೇ, ಇಲ್ಲಿಗೇ ನಿಲ್ಲಿಸುವುದೇ? ಸೇನೆಯಲ್ಲಿ ಹಲವರು ಹಿಡಿಯಬೇಕೆಂದು ಹಾತೊರೆದರು. ಮೈಸೂರನ್ನು ಅಳಿಸಿದರೆ ಮಿತ್ರರ ಬಲವೇ ಮಿತಿಮೀರುವುದೆಂಬ ಎಣಿಕೆ ಕಾರ್ನ್‌ವಾಲಿಸನಿಗಿತ್ತು. ಅವನು ಸಂಧಿಗೆ ಒಪ್ಪಿದನು. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಟಿಪ್ಪುವಿನ ಇಬ್ಬರು ಮಕ್ಕಳು: ಇವು ಆ ಶಾಂತಿಯ ಬೆಲೆ. ನಮ್ಮ ನೆರೆಯ ಬಾರಾಮಹಲ್ ಅಂದೇ ಕಂಪನಿಯ ಪಾಲಾಯಿತು; ಹೊಸೂರು ಸೀಮೆಯ ಸರದಿ 1799ರ ಯುದ್ಧದ ಬಳಿಕ ಬಂದಿತು.

ಕಾರ್ನ್‌ವಾಲಿಸನು ತಡೆದುದರಿಂದ ಒಂದು ಪಟ್ಟಣದ ಸೂರೆ ಅಂದಿಗೆ ತಪ್ಪಿತೆಂಬುದನ್ನು ನಾವು ಅಲ್ಲಗಳೆಯಲಾರೆವು. ಆದರೆ ಸೋತವನ ಅರ್ಧ ನಾಡನ್ನೂ ಮಕ್ಕಳನ್ನೂ ಕಸಿದ ಸಂಧಿ ಏಳು ವರ್ಷವಷ್ಟೇ ಬಾಳಿತು. ಬಿಟ್ಟುಕೊಟ್ಟ ಊರುಗಳ ರೈತನನ್ನು ಲಂಡನ್ನಿನಲ್ಲಾಗಲಿ ಶಿಬಿರದಲ್ಲಾಗಲಿ ಯಾರೂ ಕೇಳಲಿಲ್ಲ. ಗಡಿಯ ಕತೆಯನ್ನು ಬರೆಯುವಾಗ ಆ ರೈತನಿಂದಲೇ ಮೊದಲುಮಾಡುವುದು ನಮ್ಮ ಹೊಣೆ.