ಹಳೇ ವಿದ್ಯಾರ್ಥಿ ಅಂದರೆ ಯಾರು?

ಹಳೇ ವಿದ್ಯಾರ್ಥಿ ಸಂಘಕ್ಕೆ ಮತ್ತೆ ಜೀವ ಕೊಡೋಣ ಎಂಬ ಮಾತು ಎದ್ದಾಗಲೆಲ್ಲ ಮೊದಲು ತಯಾರಾಗುವುದು ಒಂದು ಪಟ್ಟಿ. ಎಂಜಿನಿಯರು, ಡಾಕ್ಟರು, ಅಧಿಕಾರಿ, ಪರದೇಶ ಸೇರಿದವರು. ಪಿಯುಸಿಯಲ್ಲೇ ಪುಸ್ತಕ ಮಾರಿ ಕೂಲಿಗೆ ಹೋದವನ ಹೆಸರು ಅದರಲ್ಲಿ ಇರೋದಿಲ್ಲ. ಅವನೂ ನಮ್ಮ ಬೆಂಚಿನಲ್ಲೇ ಕೂತವನು. ಹಾಗಾದರೆ ಹಳೇ ವಿದ್ಯಾರ್ಥಿ ಅಂದರೆ ಯಾರು? ಇದನ್ನು ನಾವು ಚರಿತ್ರೆಯನ್ನೇ ಕೇಳಬೇಕು.

ಸಾತಾರದ ಶಾಲೆಯಲ್ಲಿ ಬಾಲಕ ಅಂಬೇಡ್ಕರರು ಮನೆಯಿಂದ ತಂದ ಗೋಣಿತಾಟಿನ ಮೇಲೆ ಬೇರೆ ಕೂರಬೇಕಿತ್ತು. ಜವಾನ ಬಂದು ನಲ್ಲಿ ತಿರುಗಿಸದಿದ್ದರೆ ನೀರೂ ಇಲ್ಲ. ಮುಂದೆ 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ತಮ್ಮ ಬದುಕಿನ ಒಳ್ಳೆಯ ಗೆಳೆಯರೆಂದರೆ ಅಲ್ಲಿನ ಕೆಲವು ಸಹಪಾಠಿಗಳು, ಗುರುಗಳು ಎಂಬರ್ಥದ ಮಾತನ್ನು ಅವರು 1930ರಲ್ಲಿ ಅಲ್ಲಿನ ಹಳೇ ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಹೇಳಿದರು. ನಿಂತುಹೋಗಿದ್ದ ಲಂಡನ್ನಿನ ಓದನ್ನು 1920ರಲ್ಲಿ ಮುಂದುವರಿಸಲು ನೆರವಾದದ್ದು ಕೊಲ್ಹಾಪುರದ ಶಾಹು ಮಹಾರಾಜರ ಸಹಾಯ ಮತ್ತು ಪಾರ್ಸಿ ಗೆಳೆಯ ನವಲ್ ಭಟೇನಾ ಕೊಟ್ಟ ಸಾಲ. ಗೆಳೆತನ ಬರೀ ನೆನಪಿನ ಸುಖವಲ್ಲ, ಅದೂ ಒಂದು ಆಸ್ತಿ. ಮೇಲುಜಾತಿಯವರಿಗೆ ಈ ಆಸ್ತಿ ಹುಟ್ಟಿನಿಂದಲೇ ಬರುತ್ತೆ. ನಾವು ಕಟ್ಟಿಕೊಳ್ಳಬೇಕು.

ನಮ್ಮ ದಂಡಿನ ಕಡೆ ನೋಡಿ. ಹಲಸೂರಿನ ಗೌತಮಪುರದ ಹೆಸರಲ್ಲೇ ಬುದ್ಧನಿದ್ದಾನೆ. ಪಂಡಿತ ಅಯೋತ್ತಿದಾಸರು 1898ರಲ್ಲಿ ಮದರಾಸಿನಲ್ಲಿ ಕಟ್ಟಿದ ಶಾಕ್ಯ ಬೌದ್ಧ ಸಂಘದ ಗಾಳಿ ಬೆಂಗಳೂರಿಗೂ ಕೋಲಾರದ ಚಿನ್ನದ ಗಣಿಗೂ ಬೀಸಿತ್ತು. ಅರಿವಿನ ಹಸಿವು ನಮ್ಮ ಕೇರಿಗಳಿಗೆ ಹೊಸದಲ್ಲ. ಬಾಗಿಲು ತೆರೆದದ್ದು ತಡವಾಗಿ. ಸೆಂಟ್ರಲ್ ಕಾಲೇಜಿನ ಬೇರು 1858ರ ಹೈಸ್ಕೂಲಿನಲ್ಲಿದೆ. ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ. ನಡುವಿನ 86 ವರ್ಷಗಳಲ್ಲಿ ನಮ್ಮ ಎಷ್ಟೋ ಮಂದಿ ಲಾಯ, ಬಂಗಲೆಗಳ ಚಾಕರಿಯಲ್ಲೇ ಮುದುಕರಾದರು.

1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಆಡಿದ ಬೂಸಾ ಮಾತಿಗೆ ನಾಡೇ ಹೊತ್ತಿಕೊಂಡಿತು. ದಲಿತ ಹುಡುಗರು ಏಟು ತಿಂದರು. ಒಟ್ಟಿಗೆ ಮುದ್ದೆ ಉಂಡ ಹಾಸ್ಟೆಲ್ ಗೆಳೆತನ ಆಗ ಸಂಘಟನೆಯಾಯಿತು. ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿ ಓದಿದ ಸಿದ್ಧಲಿಂಗಯ್ಯ, ಭದ್ರಾವತಿಯ ಮೇಷ್ಟ್ರು ಬಿ. ಕೃಷ್ಣಪ್ಪ, ದೇವನೂರ ಮಹಾದೇವ ಮೊದಲಾದವರು ಕಟ್ಟಿದ ದಲಿತ ಸಂಘರ್ಷ ಸಮಿತಿಯೇ ನಮ್ಮ ನಿಜವಾದ ಹಳೇ ವಿದ್ಯಾರ್ಥಿ ಸಂಘ. ಅದು ಪದವಿ ಕೇಳಲಿಲ್ಲ. ಓದದವರನ್ನೂ ಜೊತೆಗೆ ಕರಕೊಂಡು ಹೋಯಿತು. ಮುಂದೆ ಕಾಡುಗೊಂಡನಹಳ್ಳಿಯಲ್ಲಿ ಅಂಬೇಡ್ಕರರ ಹೆಸರಿನ ವೈದ್ಯಕೀಯ ಕಾಲೇಜೇ ಶುರುವಾಯಿತು.

ಬಾಗಿಲು ತೆರೆದ ಮಾತ್ರಕ್ಕೆ ಮುಗಿಯಿತೆ? ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಐವರು ದಲಿತ ವಿದ್ಯಾರ್ಥಿಗಳನ್ನು ಹಾಸ್ಟೆಲಿನಿಂದ ಹೊರಗಟ್ಟಿದರು. ಅವರು ಬಯಲಲ್ಲೇ ಗುಡಾರ ಹಾಕಿ ಅದಕ್ಕೆ ವೆಲಿವಾಡ, ಅಂದರೆ ಹೊಲಗೇರಿ, ಎಂದು ಹೆಸರಿಟ್ಟರು. ಅವರಲ್ಲೊಬ್ಬ ರೋಹಿತ್ ವೇಮುಲ. ವಿದ್ಯಾರ್ಥಿವೇತನವೂ ನಿಂತಿತ್ತು. 2016ರ ಜನವರಿ 17ರಂದು ಅವನು ಜೀವ ಕಳಕೊಂಡ. ಅವನಿಗಾಗಿ ಬೀದಿಗಿಳಿದವರಲ್ಲಿ ಸಹಪಾಠಿಗಳೇ ಮುಂದೆ ಇದ್ದರು.

ಗೆಳೆಯರೇ, ಸಂಘ ಮತ್ತೆ ಶುರುವಾಗಲಿ. ಆದರೆ ಪಟ್ಟಿಯನ್ನು ಪಾಸಾದವರ ಪುಸ್ತಕದಿಂದ ಬರೆಯಬೇಡಿ, ದಾಖಲಾತಿ ಪುಸ್ತಕದಿಂದ ಬರೆಯಿರಿ. ಊಟದ ಚೀಟಿಗೆ ದುಡ್ಡಿಲ್ಲದವನಿಗೆ ಚೀಟಿಯೇ ಬೇಡ. ಮದುವೆಯಾಗಿ ಓದು ಬಿಟ್ಟ ಅಕ್ಕನನ್ನು ಹುಡುಕಿ. ಕಮ್ಮನಹಳ್ಳಿಯಲ್ಲೋ ಲಿಂಗರಾಜಪುರದಲ್ಲೋ ಆಟೋ ಓಡಿಸುತ್ತಿರುವ ಗೆಳೆಯ ನಾಚಿಕೆಯಿಂದ ಬರಲಾರೆ ಅಂದರೆ ಅವನ ಮನೆಗೇ ಹೋಗಿ ಕೂರಿ. ವೇತನ ತಡವಾದ ಹುಡುಗಿಯ ಈ ತಿಂಗಳ ಶುಲ್ಕ ಸಂಘದ ಪೆಟ್ಟಿಗೆಯಿಂದ ಹೋಗಲಿ. ಗ್ರೂಪ್ ಫೋಟೋ ಆಮೇಲೆ ತೆಗೆಸೋಣ, ಎಲ್ಲರೂ ಬಂದ ಮೇಲೆ.